ಕಲ್ಲಿಗೆ ಸಲಾಯಿನ್ ಹಚ್ಚಿದವರು

ಖಾದರಸಾಬರು ಮಾತಾಡುತ್ತಲೇ ಹನಿ ಎಣಿಸುತ್ತಿದ್ದರು. ಎದುರಿಗೆ ಕೂತವರ ಮುಖ ನೋಡುತ್ತ, ಅವರ ಮನೆಯ ಸುದ್ದಿ ಕೇಳುತ್ತ ಇರುವಾಗಲೇ ಬಲಗೈಯ ಹೆಬ್ಬೆರಳು ಉಳಿದ ಬೆರಳುಗಳ ಗೆಣ್ಣುಗಳ ಮೇಲೆ ಒಂದೊಂದಾಗಿ ಸರಿಯುತ್ತಿತ್ತು. ಎದುರಿನವರ ಮಾತು ಮುಗಿದ ಮೇಲೆ, "ಮಿನಿಟಿಗೆ ಇಪ್ಪತ್ತು ಬೀಳಾಕತ್ತಾವ್ರಿ, ಎರಡು ಹೆಚ್ಚಾತು" ಎಂದು ಎದ್ದು ಹೋಗಿ ಸಲಾಯಿನ್ ನಳಿಕೆಯ ಪುಟ್ಟ ಚಕ್ರವನ್ನು ಕೂದಲೆಳೆಯಷ್ಟು ತಿರುಗಿಸುತ್ತಿದ್ದರು. ಬೇಸಿಗೆಯಲ್ಲಿ ಹದಿನೆಂಟು, ಚಳಿಗಾಲದಲ್ಲಿ ಹನ್ನೆರಡು. ಅದು ಅವರ ಲೆಕ್ಕ.

ಮೊರಬದಲ್ಲಿ ಡಾಕ್ಟರೊಬ್ಬರ ಬಳಿ ಮೂವತ್ತು ವರ್ಷ ಕಂಪೌಂಡರ್ ಆಗಿದ್ದವರು ಅವರು. ಸಲಾಯಿನ್ ಹಚ್ಚುವುದರಲ್ಲಿ ಅವರ ಕೈ ಹಗುರ ಎಂದು ಈಗಲೂ ಜನ ನೆನೆಯುತ್ತಾರೆ. ಆದರೆ ನಾನು ಹೈಸ್ಕೂಲಿನ ವಿಜ್ಞಾನದ ಟೀಚರಾಗಿ ಆ ಊರಿಗೆ ಬಂದು, ಅವರ ಮನೆಯ ಮುಂದಿನ ಎರಡು ಕೋಣೆಗಳನ್ನು ಬಾಡಿಗೆಗೆ ಹಿಡಿಯುವ ಹೊತ್ತಿಗೆ ಅವರು ಕೆಲಸ ಬಿಟ್ಟಿದ್ದರು. ಆ ನಳಿಕೆಯ ತುದಿ ಈಗ ಯಾರ ತೋಳಿಗೂ ಹೋಗುತ್ತಿರಲಿಲ್ಲ. ಒಂದು ಗಾಜಿನ ತೊಟ್ಟಿಗೆ ಇಳಿಯುತ್ತಿತ್ತು.

ತೊಟ್ಟಿಯಲ್ಲಿದ್ದದ್ದು ಸಮುದ್ರದ ನೀರಿನಂಥ ಉಪ್ಪುನೀರು. ಅದರೊಳಗೆ ಬಂಡೆಯ ಚೂರುಗಳ ನಡುವೆ ಎರಡು ಮುಷ್ಟಿ ಗಾತ್ರದ ಒಂದು ದುಂಡು ಕಲ್ಲು. ಬೆಳಗಿನ ದೀಪ ಹತ್ತಿದ ಸ್ವಲ್ಪ ಹೊತ್ತಿಗೆ ಆ ಕಲ್ಲಿನ ಮೈಯಿಂದ ಬೆರಳುದ್ದದ ಕಾಂಡಗಳು ಹೊರಬರುತ್ತಿದ್ದವು, ಪ್ರತಿ ಕಾಂಡದ ತುದಿಗೆ ಒಂದೊಂದು ತಿಳಿನೇರಳೆ ಹೂವು. ನೂರಾರು ಹೂವು ಒಟ್ಟಿಗೆ ಒಂದು ಕಡೆ ಬಾಗಿ ಮತ್ತೊಂದು ಕಡೆ ಏಳುತ್ತಿದ್ದವು. ಅದು ಹೂಕುಂಡ ಹವಳ. ನೋಡಲು ಹೂವು, ನಿಜಕ್ಕೂ ಪ್ರಾಣಿ. ಒಂದೊಂದು ಹೂವಿಗೂ ಒಂದೊಂದು ಬಾಯಿ. ನಮ್ಮ ಸಮುದ್ರದ ಹವಳವನ್ನು ಕಾಯ್ದೆ ಪ್ರಕಾರ ಮುಟ್ಟುವಂತಿಲ್ಲವೆಂದೂ, ಇದು ಹೊರದೇಶದ ತೊಟ್ಟಿಯಲ್ಲಿ ಬೆಳೆಸಿದ್ದೆಂದೂ ಖಾದರಸಾಬರು ಮೊದಲ ದಿನವೇ ನನಗೆ ಹೇಳಿ, ಅದರ ಕಾಗದವನ್ನೂ ತೋರಿಸಿದರು. ಆ ಕಾಗದ ಅವರ ರೇಷನ್ ಕಾರ್ಡಿನ ಜೊತೆಗೇ ಇರುತ್ತಿತ್ತು.

ಊರಿಗೆ ಇದು ನಗೆಯ ವಿಷಯ. ಮೊರಬದ ಬೋರಿನ ನೀರು ಸವಳು. ಬೇಳೆ ಬೇಯುವುದಿಲ್ಲ, ಸೋಪು ನೊರೆ ಬಿಡುವುದಿಲ್ಲ. ಕುಡಿಯುವ ಸೀ ನೀರಿಗೆ, ಅಂದರೆ ಸಿಹಿನೀರಿಗೆ, ಶುದ್ಧ ನೀರಿನ ಘಟಕದ ಮುಂದೆ ಕ್ಯಾನು ಹಿಡಿದು ನಿಲ್ಲಬೇಕು. ಹಾಲು ಹಾಕಲು ಬರುತ್ತಿದ್ದ ನೀಲವ್ವ ಬಾಗಿಲಲ್ಲೇ ನಿಂತು ಚುಡಾಯಿಸುತ್ತಿದ್ದಳು. "ಖಾದರಣ್ಣ, ಸೀ ನೀರು ಸಿಗದ ನಾವು ಸಾಯಾಕತ್ತೇವಿ, ನೀ ಸೀ ನೀರಾಗ ಉಪ್ಪು ಕಲಸ್ತಿಯಲ್ಲೋ! ಮಂದಿಗೆ ಹಚ್ಚಿದ್ದು ಸಾಲದಾತು, ಈಗ ಕಲ್ಲಿಗೆ ಸಲಾಯಿನ್ ಹಚ್ಚೀದಿ." ಆ ಮಾತು ಊರಲ್ಲೆಲ್ಲ ಹರಿದಾಡಿ ಹಾಗೇ ಉಳಿದುಬಿಟ್ಟಿತು. ಕೊನೆಗೆ ಖಾದರಸಾಬರೂ ತೊಟ್ಟಿಗೆ ಹನಿ ಬಿಡುವ ಆ ಬಾಟಲಿಯನ್ನು ಸಲಾಯಿನ್ ಬಾಟ್ಲಿ ಎಂದೇ ಕರೆಯತೊಡಗಿದರು.

ಹವಳ ಆ ಮನೆಗೆ ಬಂದದ್ದು ಶೋಕಿಗಲ್ಲ. ಅವರ ಹೆಂಡತಿ ಬೀಬೀಜಾನರಿಗೆ ಲಕ್ವಾ ಹೊಡೆದು ಎಡಗೈ, ಎಡಗಾಲು ಬಿದ್ದುಹೋಗಿದ್ದವು. ಅದಕ್ಕಿಂತ ವಿಚಿತ್ರವಾದ ಇನ್ನೊಂದು ತೊಂದರೆ ಇತ್ತು. ಅವರ ಪಾಲಿಗೆ ಎಡಭಾಗ ಎಂಬುದೇ ಇಲ್ಲವಾಗಿತ್ತು. ಕಣ್ಣು ಚೆನ್ನಾಗಿದ್ದರೂ ಎಡಕ್ಕೆ ನೋಡುತ್ತಿರಲಿಲ್ಲ. ತಾಟಿನ ಬಲಭಾಗದ ಅನ್ನ ಉಂಡು, ಎಡಭಾಗದ್ದು ಹಾಗೇ ಬಿಟ್ಟು, ಇನ್ನೂ ಹಸಿವು ಎನ್ನುತ್ತಿದ್ದರು. ಎಡಗಡೆ ಕೂತು ಮಾತಾಡಿಸಿದರೆ ಬಲಗಡೆ ಹುಡುಕುತ್ತಿದ್ದರು. ಅವರಿಗೆ ಪ್ರಿಯವಾದದ್ದನ್ನು ಎಡಕ್ಕೆ ಇಡಿ, ಕತ್ತು ತಿರುಗಿಸುವಂತೆ ಮಾಡಿ ಎಂದು ಡಾಕ್ಟರು ಹೇಳಿದ್ದರು. ಖಾದರಸಾಬರು ಮೊಮ್ಮಕ್ಕಳ ಫೋಟೋ ಇಟ್ಟರು, ಟಿವಿ ಇಟ್ಟರು, ಬಂಗಾರದ ಬಣ್ಣದ ಮೀನು ಇಟ್ಟರು. ಯಾವುದಕ್ಕೂ ಅವರು ತಿರುಗಲಿಲ್ಲ. ಕಡೆಗೆ ಹುಬ್ಬಳ್ಳಿಯಲ್ಲಿ ಮೀನಿನ ಅಂಗಡಿ ಇಟ್ಟಿದ್ದ ತಂಗಿಯ ಮಗನಲ್ಲಿ ಈ ತೂಗುವ ಹೂವನ್ನು ಕಂಡರು. ತಂದು ಮಂಚದ ಎಡಕ್ಕೆ ಇಟ್ಟ ಒಂಬತ್ತನೆಯ ದಿನ ಬೀಬೀಜಾನ್ ಕತ್ತು ತಿರುಗಿಸಿ, "ಇದೇನ್ರಿ, ಗಾಳಿ ಇಲ್ದ ಅಳ್ಳಾಡಾಕತ್ತೈತಿ?" ಎಂದು ಕೇಳಿದರಂತೆ.

"ಆವತ್ತ ತಾಟಿನ್ಯಾಗ ಒಂದಗಳೂ ಉಳಿಸಲಿಲ್ರಿ ಅಕ್ಕಾರ," ಎಂದು ಅವರು ಆಗಾಗ ಹೇಳುತ್ತಿದ್ದರು. ನಮ್ಮ ಕಡೆ ಟೀಚರಮ್ಮನನ್ನು ಅಕ್ಕಾರ ಎನ್ನುವುದು ವಾಡಿಕೆ. ವಯಸ್ಸಿನಲ್ಲಿ ನನ್ನ ತಂದೆಗಿಂತ ದೊಡ್ಡವರು, ನನ್ನನ್ನು ಒಂದು ದಿನವೂ ಹೆಸರು ಹಿಡಿದು ಕರೆಯಲಿಲ್ಲ.

ಹೂಕುಂಡ ಹವಳ ಸಾಕುವುದು ಕಠಿಣ. ನೀರು ಜೋರಾಗಿ ಹರಿದರೆ ಮುದುಡುತ್ತದೆ, ನಿಂತರೆ ಕೊಳೆಯುತ್ತದೆ. ನವಲಗುಂದದ ಕಡೆಯ ಬೇಸಿಗೆಯಲ್ಲಿ ತೊಟ್ಟಿಯ ನೀರು ಬಿಸಿಯೇರದಂತೆ ಫ್ಯಾನು ಹಚ್ಚಬೇಕು. ಫ್ಯಾನು ಹಚ್ಚಿದರೆ ನೀರು ಬೇಗ ಆರುತ್ತದೆ; ಆರಿದಷ್ಟನ್ನು ಹನಿಹನಿಯಾಗಿ ತುಂಬಬೇಕು. ಆ ಬಾಟಲಿಯ ಕೆಲಸ ಅದೇ. ಕರೆಂಟು ಹೋದರೆ ಮನೆಯಲ್ಲಿ ದೀಪ ಇಲ್ಲದಿದ್ದರೂ ಪಂಪಿಗೆ ಬ್ಯಾಟರಿ ಇತ್ತು. ಇಷ್ಟೆಲ್ಲ ಮಾಡಿದರೂ ಬಹಳ ಕಡೆ ಇದು ವರ್ಷದೊಳಗೆ ಸಾಯುತ್ತದೆ, ಅದೂ ಚೆನ್ನಾಗಿ ಅರಳಿಕೊಂಡೇ, ಹಸಿವಿನಿಂದ. ಖಾದರಸಾಬರು ಅದನ್ನು ಬೇಗ ತಿಳಿದುಕೊಂಡಿದ್ದರು.

"ಅರಳಿದ್ದು ನೋಡಿ ಉಂಡೈತಿ ಅನ್ನಬ್ಯಾಡ್ರಿ," ಎಂದು ಒಮ್ಮೆ ನನಗೆ ಹೇಳಿದರು. "ಹಸದವರೂ ಕೈ ಚಾಚತಾರ. ದವಾಖಾನಿಯೊಳಗ ಎಷ್ಟ ಮಂದಿನ್ನ ನೋಡೇನಿ. ನಕ್ಕೋತ ಕುಂತಿರತಾರ, ಹೊಟ್ಟಿಯೊಳಗ ಮೂರು ದಿನದಿಂದ ಏನೂ ಇರೂದಿಲ್ಲ."

ಬೆಳಿಗ್ಗೆ ಹನ್ನೊಂದಕ್ಕೆ ಇಬ್ಬರಿಗೂ ಊಟ. ಮೊದಲು ಪಂಪ್ ಬಂದ್ ಮಾಡುತ್ತಿದ್ದರು. "ಊಟದ ಹೊತ್ತಿನ್ಯಾಗ ಹೊಯ್ದಾಟ ಬ್ಯಾಡ" ಎನ್ನುತ್ತಿದ್ದರು. ಸೂಜಿ ತೆಗೆದ ಸಿರಿಂಜಿನಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಆಹಾರವನ್ನು ತುಂಬಿ ಹೂಗಳ ಮೇಲೆ ಮೆಲ್ಲಗೆ ಬಿಡುತ್ತಿದ್ದರು. ಹತ್ತು ನಿಮಿಷ ಅದಕ್ಕೆ ಬಿಟ್ಟು, ಅದೇ ಸ್ಟೂಲಿನಲ್ಲಿ ಈ ಕಡೆ ತಿರುಗಿ ಹೆಂಡತಿಗೆ ಚಮಚದಲ್ಲಿ ಗಂಜಿ ಕೊಡುತ್ತಿದ್ದರು. ಅವರು ಕೂರುತ್ತಿದ್ದದ್ದು ಯಾವಾಗಲೂ ಎಡಗಡೆಯೇ. ಬೀಬೀಜಾನ್ ಒಂದು ಗುಟುಕಿಗೊಮ್ಮೆ ಕತ್ತು ತಿರುಗಿಸಲೇಬೇಕಿತ್ತು.

ಈಗ ನನ್ನ ತಪ್ಪನ್ನು ಹೇಳಬೇಕು.

ಎರಡು ಬೇಸಿಗೆಯ ಹಿಂದೆ ಬೀಬೀಜಾನರನ್ನು ಹುಬ್ಬಳ್ಳಿಯ ಆಸ್ಪತ್ರೆಗೆ ನಾಲ್ಕು ದಿನದ ಮಟ್ಟಿಗೆ ಸೇರಿಸಬೇಕಾಯಿತು. ಗಾಡಿ ಬಾಗಿಲಿಗೆ ಬಂದಿತ್ತು. ಗಡಿಬಿಡಿಯಲ್ಲಿ ಖಾದರಸಾಬರು ಕೀಲಿ ನನ್ನ ಕೈಗಿಟ್ಟು, "ಸಲಾಯಿನ್ ಬಾಟ್ಲಿ ಖಾಲಿ ಆಗದಂಗ ನೋಡ್ಕೊಳ್ರಿ ಅಕ್ಕಾರ" ಎಂದಷ್ಟೇ ಹೇಳಿ ಹೋದರು. ಮೇಜಿನ ಕೆಳಗೆ ಸೀ ನೀರಿನ ಎರಡು ಕ್ಯಾನು ಇದ್ದವು. ಅವು ಬೀಬೀಜಾನರಿಗೆ ಕುಡಿಯಲೆಂದು ತುಂಬಿಟ್ಟದ್ದು ಎಂದುಕೊಂಡೆ. ಘಟಕ ಕೆಟ್ಟು ನಿಂತಿದ್ದ ದಿನಗಳು ಅವು. ಪಾಪ, ಇರುವಷ್ಟು ನೀರು ಉಳಿಯಲಿ ಎಂದು ಅದನ್ನು ಮುಟ್ಟಲಿಲ್ಲ. ಸಲಾಯಿನ್ ಎಂದ ಮೇಲೆ ಉಪ್ಪುನೀರೇ ತಾನೆ? ಹಿತ್ತಿಲಿನ ಬೋರಿನಿಂದ ಸವಳು ನೀರು ಹಿಡಿದು, ಅದಕ್ಕೆ ಅವರ ಡಬ್ಬಿಯಲ್ಲಿದ್ದ ಸಮುದ್ರದ ಉಪ್ಪನ್ನು ಹಿಡಿಹಿಡಿಯಾಗಿ ಕಲಸಿ ಬಾಟಲಿಗೆ ತುಂಬಿದೆ. ಎರಡನೆಯ ದಿನ ಹವಳ ಒಳಗೆ ಸೇದಿಕೊಂಡಿತು. ಉಪ್ಪು ಸಾಲಲಿಲ್ಲವೇನೋ ಎಂದು ಇನ್ನೊಂದು ಹಿಡಿ ಹಾಕಿದೆ. ಬುದ್ಧಿಯೇ ಓಡಲಿಲ್ಲ.

ಅವರು ಮರಳಿ ಬಂದಾಗ ತೊಟ್ಟಿಯಲ್ಲಿ ಬರೀ ಕಲ್ಲು ಇತ್ತು. ಖಾದರಸಾಬರು ಹೆಂಡತಿಯನ್ನು ಮಲಗಿಸಿ, ಉಪ್ಪು ಅಳೆಯುವ ತಮ್ಮ ಪುಟ್ಟ ದುರ್ಬೀನಿಗೆ ಒಂದು ಹನಿ ತೊಟ್ಟಿಯ ನೀರು ಹಾಕಿ, ಬೆಳಕಿಗೆ ಹಿಡಿದು ನೋಡಿದರು. ಮತ್ತೊಮ್ಮೆ ಒರೆಸಿ ನೋಡಿದರು. ನಾನು ಮಾಡಿದ್ದನ್ನೆಲ್ಲ ಹೇಳಿದೆ. ಅವರು ದನಿ ಏರಿಸಲಿಲ್ಲ.

"ಅಕ್ಕಾರ, ನೀರು ಆರಿದ್ರ ಉಪ್ಪು ಎಲ್ಲಿ ಹೋಗತೈತ್ರಿ?"

ನಾನು ಪ್ರತಿ ವರ್ಷ ಮಕ್ಕಳಿಗೆ ಕೇಳುವ ಪ್ರಶ್ನೆ ಅದು. ಬಸಿಯಲ್ಲಿ ಉಪ್ಪುನೀರು ಕಾಯಿಸಿ, ತಳದಲ್ಲಿ ಉಳಿದ ಬಿಳಿಯನ್ನು ತೋರಿಸಿ, ಬೋರ್ಡಿನ ಮೇಲೆ ಬರೆಸುವ ಪಾಠ. "ಎಲ್ಲೂ ಹೋಗೂದಿಲ್ರಿ, ಅಲ್ಲೇ ಇರತೈತಿ" ಎಂದೆ. ನೀರು ಮಾತ್ರ ಆರುತ್ತದೆ, ಆದ್ದರಿಂದ ಬಾಟಲಿಯಲ್ಲಿ ಇರಬೇಕಾದದ್ದು ಉಪ್ಪಿಲ್ಲದ ಸೀ ನೀರು ಎಂಬುದು ಆಗ ನನಗೆ ಹೊಳೆಯಿತು. 

"ನಿಮ್ಮದೊಬ್ಬರದ ತಪ್ಪಲ್ರಿ," ಎಂದರು ಅವರು. "ಮಂದಿ ಅಂದ್ರಂತ ನಾನೂ ಸಲಾಯಿನ್ ಸಲಾಯಿನ್ ಅಂದೆ. ಚೀಟಿ ಇಲ್ಲದ ಬಾಟ್ಲಿ ಇಡಬಾರದು. ಮೂವತ್ತು ವರ್ಷದಾಗ ಒಮ್ಮೆನೂ ಇಟ್ಟಿರಲಿಲ್ಲ."

ಒಂದು ತುಂಡು ಬಿಳಿ ಪಟ್ಟಿ ಹರಿದು ಅದರ ಮೇಲೆ 'ಸೀ ನೀರು' ಎಂದು ಬರೆದು ಬಾಟಲಿಗೆ ಹಚ್ಚಿದರು. ಆಗಲೇ ಸೀ ನೀರು ಸುರಿದುಬಿಡಿ ಎಂದು ನಾನು ಅವಸರ ಮಾಡಿದೆ. ಅವರು ಕೇಳಲಿಲ್ಲ. "ನಾಕ ದಿನದಾಗ ಏರಿದ್ದನ್ನ ಒಂದ ತಾಸಿನ್ಯಾಗ ಇಳಿಸಿದ್ರ, ಇಳಿಸಿದ್ದಕ್ಕ ಸಾಯತೈತಿ" ಎಂದು ಸ್ವಲ್ಪ ಸ್ವಲ್ಪವೇ ತೊಟ್ಟಿಯ ನೀರು ತೆಗೆಯುತ್ತ, ಹನಿ ಬಿಡುತ್ತ ಎರಡು ದಿನ ಅದರ ಮುಂದೆಯೇ ಕೂತರು. ಆದರೂ ಕಲ್ಲಿನ ಒಂದು ಮಗ್ಗುಲು ಕಂದು ಲೋಳೆಯಾಗಿ ಕರಗತೊಡಗಿತು. ಅದು ಹಬ್ಬಿದರೆ ಪೂರ್ತಿ ಹೋಗುತ್ತದೆ. ಲೋಳೆಯನ್ನು ಸಿರಿಂಜಿನಿಂದ ಎಳೆದು ತೆಗೆದು, ಕೈಗವಸು ತೊಟ್ಟು, ಕೆಟ್ಟ ಭಾಗವನ್ನು ಗರಗಸದಿಂದ ಕೊಯ್ದರು. ಉಳಿದದ್ದನ್ನು ಅಯೋಡಿನ್ ಹಾಕಿದ ಉಪ್ಪುನೀರಿನಲ್ಲಿ ಅದ್ದಿ ಮತ್ತೆ ತೊಟ್ಟಿಗೆ ಇಟ್ಟರು. ಮೂರು ಬೆರಳಗಲದ ತುಂಡು ಉಳಿದಿತ್ತು.

"ಸತ್ತೈತೇನ್ರಿ?" ಎಂದು ಬೀಬೀಜಾನ್ ಮಂಚದಿಂದ ಕೇಳಿದರು.

"ಇಲ್ಲ. ದುಕ್ಕದಾಗ ಐತಿ. ನೀ ನೋಡ್ಕೋತ ಇರು."

ಅವರು ನೋಡುತ್ತಲೇ ಇದ್ದರು. ನಾನು ಶಾಲೆಗೆ ಹೋಗುವಾಗ, ಬರುವಾಗ ಆ ಕೋಣೆಗೆ ಇಣುಕಿ, ಇಬ್ಬರ ಮುಖ ನೋಡಿ, ಕೇಳುವ ಧೈರ್ಯವಿಲ್ಲದೆ ತಿರುಗುತ್ತಿದ್ದೆ. ಆ ಕಲ್ಲು ಸತ್ತರೆ ಈ ಹೆಂಗಸಿನ ಅರ್ಧ ಲೋಕವನ್ನು ನಾನೇ ಕಿತ್ತುಕೊಂಡಂತೆ ಎನ್ನಿಸುತ್ತಿತ್ತು. ಇಪ್ಪತ್ತು ದಿನ ಕಳೆದ ಮೇಲೆ ಒಂದು ಬೆಳಿಗ್ಗೆ ಬೀಬೀಜಾನ್ ಜೋರಾಗಿ ಕೂಗಿದ್ದು ನನ್ನ ಕೋಣೆಗೆ ಕೇಳಿಸಿತು. "ಅಕ್ಕಾರ, ಬರ್ರಿ! ಒಂದು ಬಂತು!" ಸಾಸಿವೆಯಷ್ಟು ಹೂವು. ಖಾದರಸಾಬರು ಆಗಲೇ ಅದಕ್ಕೆ ಉಣಿಸಲು ಸಿರಿಂಜು ತೊಳೆಯುತ್ತಿದ್ದರು.

ಆ ತುಂಡು ಬೆಳೆದು ಒಂದು ಮುಷ್ಟಿಯಷ್ಟಾಯಿತು. ಕಳೆದ ಚಳಿಗಾಲದ ಒಂದು ಬೆಳಿಗ್ಗೆ ಖಾದರಸಾಬರು ಖಾಲಿ ಕ್ಯಾನು ಹಿಡಿದು ಹೊರಟವರು ನನ್ನ ಬಾಗಿಲಲ್ಲಿ ನಿಂತು, "ನೀರು ತರತೇನ್ರಿ, ಅಲ್ಲೀತನ ಇಕಿ ಕಡೆ ಒಂದೀಟು ಲಕ್ಷ್ಯ ಇರಲಿ. ಈಗ ಬಂದೆ" ಎಂದರು. ಅದೇ ಅವರು ನನ್ನೊಡನೆ ಆಡಿದ ಕೊನೆಯ ಮಾತು. ಘಟಕದ ಮುಂದೆ ಕ್ಯಾನು ತುಂಬಿಸಿಕೊಂಡು, ಎರಡು ಹೆಜ್ಜೆ ಇಟ್ಟು, ಎದೆ ಹಿಡಿದು ಕೂತರಂತೆ. ಅವರಿಗಿಂತ ಮೊದಲು ಅವರ ಕ್ಯಾನು ಮನೆಗೆ ಬಂತು, ಮುಚ್ಚಳ ಹಾಕಿದ್ದು ಹಾಗೇ ಇತ್ತು.

ಅಣ್ಣಿಗೇರಿಯಿಂದ ಮಗಳು ಶಮಾ ಬಂದಳು. ಹವಳಕ್ಕೆ ಉಣಿಸುವುದು ಅವಳ ಪಾಲಿಗೆ, ಬಾಟಲಿ ತುಂಬುವುದು ನನ್ನ ಪಾಲಿಗೆ ಬಂತು; ಹನಿ ಎಣಿಸುವವರು ಯಾರೂ ಇರಲಿಲ್ಲ. ಬೀಬೀಜಾನರ ಕತ್ತು ಬಲಕ್ಕೆ ಹೊರಳಿ ಅಲ್ಲೇ ನಿಂತಿತು. ತಾಟಿನ ಎಡಭಾಗದ ಅನ್ನ ಮತ್ತೆ ಉಳಿಯತೊಡಗಿತು. ಎಡಗಡೆ ತೊಟ್ಟಿಯಲ್ಲಿ ಹವಳ ಎಂದಿಗಿಂತ ಚೆನ್ನಾಗಿ ಅರಳಿತ್ತು. ಅವರು ಒಮ್ಮೆಯೂ ತಿರುಗಲಿಲ್ಲ. ಅವರು ಇಷ್ಟು ದಿನ ತಿರುಗುತ್ತಿದ್ದದ್ದು ಹೂವಿಗಲ್ಲ, ಆ ಸ್ಟೂಲಿನಲ್ಲಿ ಕೂರುತ್ತಿದ್ದವರಿಗೆ ಎಂದು ನನಗೆ ಆಗ ಅನ್ನಿಸಿತು. ನಲವತ್ತು ದಿನ ಮುಗಿದ ಮೇಲೆ ಶಮಾ, "ಅಮ್ಮಿ ನೋಡೂದ ಇಲ್ರಿ ಅಕ್ಕಾರ, ಯಾರ ಸಲುವಾಗಿ ಇಟ್ಕೊಳ್ಳೂದು? ನಾಳೆ ಹುಬ್ಬಳ್ಳಿ ಅಂಗಡಿಗೆ ಒಯ್ಯಾಕ ಹೇಳೇನಿ" ಎಂದಳು. 

ಅಂದು ಭಾನುವಾರ. ಹನ್ನೊಂದಕ್ಕೆ, ಈ ಕೊನೆಯ ಸಲ ನಾನೇ ಉಣಿಸೋಣವೆಂದು ಹೋಗಿ ಸ್ಟೂಲಿನಲ್ಲಿ ಕೂತೆ. ಸಿರಿಂಜು ತುಂಬಿ ಹೂಗಳ ಮೇಲೆ ಬಿಟ್ಟೆ. ಆಹಾರ ಹೂವಿಗೆ ತಾಗುವ ಮೊದಲೇ ಹೊಗೆಯಂತೆ ತೊಟ್ಟಿಯ ತುಂಬ ಚದುರಿತು. ಏನಾಯಿತೆಂದು ತಿಳಿಯದೆ ಮತ್ತೊಮ್ಮೆ ತುಂಬಿದೆ.

"ಪಂಪ್ ಬಂದ್ ಮಾಡ್ಲಿಲ್ರಿ ಅಕ್ಕಾರ."

ನಾನು ತಿರುಗಿ ನೋಡಿದೆ. ಬೀಬೀಜಾನರ ಮುಖ ನನ್ನ ಕಡೆಗಿತ್ತು. ಕಷ್ಟಪಟ್ಟು ತಿರುಗಿಸಿದ ಕತ್ತಿನ ನರ ಎದ್ದು ಕಾಣುತ್ತಿತ್ತು. ಬಾಗಿಲಲ್ಲಿ ಶಮಾ ತಾಟು ಹಿಡಿದು ನಿಂತುಬಿಟ್ಟಿದ್ದಳು. ನಾನು ಎದ್ದು ಪಂಪ್ ಬಂದ್ ಮಾಡಿ ಮೆಲ್ಲಗೆ ಉಣಿಸಿದೆ. ಹೂಗಳು ಒಂದೊಂದಾಗಿ ಒಳಕ್ಕೆ ಮಡಿಚಿಕೊಂಡವು. ಅವರು ಕಣ್ಣು ತೆಗೆಯದೆ ಅದನ್ನು ನೋಡಿದರು. ಆಮೇಲೆ ಅವರ ನೋಟ ಮೇಲೆ ಬಾಟಲಿಗೆ ಹೋಯಿತು. ಖಾದರಸಾಬರ ಕೈಬರಹದ ಚೀಟಿ ಅದರ ಮೇಲೆ ಇನ್ನೂ ಇತ್ತು. ಹೊದಿಕೆಯ ಮೇಲೆ ಬೀಬೀಜಾನರ ಬಲಗೈಯ ಹೆಬ್ಬೆರಳು ಗೆಣ್ಣಿನಿಂದ ಗೆಣ್ಣಿಗೆ ಸರಿಯುತ್ತಿತ್ತು.

"ಹದಿನೆಂಟು ಬೀಳಾಕತ್ತಾವ," ಎಂದರು. "ಈಗ ಚಳಿ ಐತ್ರಿ. ಹನ್ನೆರಡು ಸಾಕು."

ನಾನು ಚಕ್ರ ತಿರುಗಿಸಿದೆ. ಅವರು ಮತ್ತೆ ಎಣಿಸಿ, ಸಾಕು ಎಂದು ಕೈ ಎತ್ತಿದರು.