ಬಾವಿಯೊಳಗಿನ ದನಿ

ಮೊನ್ನೆ ಟ್ರಂಕು ಒರೆಸುವಾಗ ಹಳೆಯ ಮೈಕಿನ ಸ್ಪಂಜಿನ ಟೋಪಿ ಕೈಗೆ ಸಿಕ್ಕಿತು. ಮುಟ್ಟಿದ್ದೇ ತಡ, ಪುಡಿಪುಡಿಯಾಗಿ ಉದುರಿತು. ಸುಟ್ಟ ರಬ್ಬರು, ನುಸಿಗುಳಿಗೆ ಎರಡೂ ಬೆರೆತ ಆ ವಾಸನೆಗೆ ನಾನು ಅಲ್ಲೇ ಕುಳಿತುಬಿಟ್ಟೆ. ಈಗಿನವರು ಪಾಡ್‌ಕಾಸ್ಟ್ ಎನ್ನುತ್ತಾರಲ್ಲ, ಒಬ್ಬರು ಕೇಳುವುದು, ಇನ್ನೊಬ್ಬರು ಹೇಳುವುದು, ಕಂಡರಿಯದವರು ಕಿವಿಗೊಡುವುದು, ಆ ಹುಚ್ಚು ನನಗೆ ತೊಂಬತ್ತರ ದಶಕದಲ್ಲೇ ಹಿಡಿದಿತ್ತು ಎಂದರೆ ನೀವು ನಂಬಬೇಕು.

ಆಗ ನಾನು ಸಿಂದಗಿಯಲ್ಲಿ ಶಾಲಾ ಶಿಕ್ಷಕಿ. ಹಳ್ಳಿಯವರ ಮಾತು ರೆಕಾರ್ಡ್ ಮಾಡಿ ತರಲು ರೇಡಿಯೊದವರು ನನ್ನಂಥ ಕೆಲವರಿಗೆ ಹೇಳಿದ್ದರು. ಸಂಭ್ರಮವೋ ಸಂಭ್ರಮ! ಕನ್ನಡಿಯ ಮುಂದೆ ನಿಂತು ಪ್ರಶ್ನೆ ಕೇಳುವುದನ್ನು ರೂಢಿ ಮಾಡಿಕೊಂಡೆ. ನನ್ನ ದನಿಗೆ ನಾನೇ ಮರುಳಾಗಿದ್ದೆ.

ಮೊದಲು ಹೋದದ್ದು ಮೋರಟಗಿಯ ಶಾಂತವ್ವನ ಮನೆಗೆ. ಅದಕ್ಕೂ ಕೆಲವು ವರ್ಷಗಳ ಹಿಂದೆ ನೆರೆಮನೆಯ ಹುಡುಗಿ ಬಾವಿಗೆ ಬಿದ್ದಾಗ ಶಾಂತವ್ವ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಇಳಿದು ಉಳಿಸಿದ್ದಳಂತೆ. ಹಾಗೆಂದು ಆ ಹುಡುಗಿಯ ತಾಯಿಯೇ ನನಗೆ ಹೇಳಿದ್ದಳು. ಊರಲ್ಲಿ ಮಾತ್ರ ಕತೆ ತಿರುಗಿಬಿಟ್ಟಿತ್ತು. ಮೇಲೆ ನಿಂತು ಹಗ್ಗ ಹಿಡಿದಿದ್ದ ಅವಳ ಮೈದುನ ಬಸಪ್ಪ, ಹೇಳುತ್ತ ಹೇಳುತ್ತ, ತಾನೇ ಬಾವಿಗೆ ಹಾರಿದವನಾಗಿದ್ದ. ಶಾಂತವ್ವ ಎದುರಾಡಿರಲಿಲ್ಲ.

"ಆವತ್ತು ನಿಮಗೆ ಭಯವಾಯಿತೇ, ಆ ಧೈರ್ಯ ಎಲ್ಲಿಂದ ಬಂತು, ಇಂದಿನ ಹೆಣ್ಣುಮಕ್ಕಳಿಗೆ ನಿಮ್ಮ ಸಂದೇಶವೇನು?" ಒಂದೇ ಉಸಿರಿಗೆ ಕೇಳಿದೆ.

"ಹೌದ್ರಿ," ಎಂದಳು ಶಾಂತವ್ವ.

"ಆಕಿಗೇನ್ ತಿಳೀತೈತ್ರಿ ಅಕ್ಕಾರ, ನಾ ಹೇಳ್ತೇನಿ," ಎಂದು ಪಕ್ಕದಲ್ಲಿದ್ದ ಬಸಪ್ಪ ಮೈಕನ್ನು ತನ್ನ ಕಡೆಗೆ ಎಳೆದುಕೊಂಡ.

ರೇಡಿಯೊದಲ್ಲಿ ಕಾರ್ಯಕ್ರಮ ಮಾಡಿಸುತ್ತಿದ್ದ ದೇಸಾಯಿ ಸರ್ ಆ ಟೇಪು ಕೇಳಿ ಮೂಗಿನ ಮೇಲೆ ಕನ್ನಡಕ ಇಳಿಸಿದರು. "ಫ್ಯಾನು ಗಿರಣಿ ನಡದಂಗ ಕೇಳತೈತಿ. ನೀವ್ ಅದೀರಿ, ಆ ಮನಷ್ಯಾ ಅದಾನ. ಆ ಹೆಣ್ಮಗಳು ಎಲ್ಲಿ ಅದಾಳ್ರಿ?" ಟೇಪನ್ನು ನನ್ನ ಕೈಗೇ ಹಿಂದಿರುಗಿಸಿದರು. "ಕತಿ ಎಲ್ಲಿ ನಡದೈತಿ, ಅಲ್ಲಿಗೇ ಹೋಗ್ರಿ. ಮೈಕ್ ಆಕಿ ಬಾಯಿಂದ ಒಂದು ಗೇಣು ದೂರ ಇರಲಿ. ನಿಮ್ಮ ಬಾಯಿ ಮಾತ್ರ ಮುಚ್ಚಿರಲಿ."

ವಾಪಸು ಬರುವಾಗ ಬಸ್ಸಿನಲ್ಲಿ ಅರ್ಧ ದಾರಿ ಮುಖ ಊದಿಸಿಕೊಂಡಿದ್ದೆ. ಉಳಿದರ್ಧ ದಾರಿಯಲ್ಲಿ ಆ ಮಾತು ತಲೆಯೊಳಗೆ ಕುಣಿಯತೊಡಗಿತು. ಮನೆಗೆ ಬಂದವಳೇ ಎಲ್ಲ ಕಡೆ ದನಿ ಪರೀಕ್ಷೆ ಮಾಡಿದೆ. ಬಚ್ಚಲಲ್ಲಿ ಭೂತದಂತೆ ಕೇಳಿದ ನನ್ನದೇ ದನಿ, ಜೋಳದ ಚೀಲಗಳ ನಡುವೆ ಎಷ್ಟು ತಿಳಿಯಾಗಿ ಬಂತೆಂದರೆ ಕುಣಿದಾಡಿದೆ. ಬಾಗಿಲಲ್ಲಿ ನಿಂತು ನೋಡಿದ ನಮ್ಮವರು, "ಈಗ ಜ್ವಾಳಕ್ಕೂ ಪಾಠಾ ಹೇಳಾಕತ್ತಿಯೇನ?" ಎಂದರು. ಹೇಳಲಿ ಬಿಡಿ, ದನಿಗೂ ಒಂದು ಮನೆ ಬೇಕೆಂಬುದು ನನಗೆ ಗೊತ್ತಾಗಿತ್ತು.

ಮರುವಾರ ಮತ್ತೆ ಮೋರಟಗಿ. ಈ ಸಲ ನೇರ ಬಾವಿಗೆ. ಆ ಅವಘಡದ ನಂತರ ಊರವರು ಅದಕ್ಕೆ ಮೆಟ್ಟಿಲು ಕಟ್ಟಿಸಿದ್ದರು. ಬಸಪ್ಪನೂ ಹಿಂದೆಯೇ ಬಂದ. "ನೀವು ಮ್ಯಾಲೇ ನಿಂತು, ಆವತ್ತು ಒದರಿದ್ದನ್ನ ಒದರ್ರಿ. ಬಾವಿ ಮಾರ್ದನಿ ಕೊಡ್ತದಲ್ಲ, ಅದು ಬೇಕು," ಎಂದೆ. ಇದರಲ್ಲಿ ಜಾಣತನವೇನೂ ಇರಲಿಲ್ಲ, ಮಾರ್ದನಿಯ ಆಸೆ ಅಷ್ಟೇ.

ನಾನೂ ಶಾಂತವ್ವನೂ ಕೆಳಗಿಳಿದು ನೀರಿನ ಪಕ್ಕ ಕುಳಿತೆವು. ಮೈಕು ಹಿಡಿದು ಸುಮ್ಮನಿದ್ದೆ. ನನ್ನಂಥವಳಿಗೆ ಅದೆಷ್ಟು ಕಷ್ಟ ಅಂತೀರಿ! ಶಾಂತವ್ವ ಬಾಗಿ ನೀರಿಗೆ ಕೈಯಾಡಿಸಿದಳು. ಆಮೇಲೆ ಯಾರೂ ಕೇಳದೆಯೇ ಶುರುಮಾಡಿದಳು.

"ನೀರು ಭಾಳ ತಣ್ಣಗಿತ್ರಿ. ಏನೂ ಕಾಣವಲ್ದು. ಕಾಲಿಗೆ ಏನೋ ಹತ್ತಿತು. ಹಾವು ಅನ್ಕೊಂಡೆ. ಆ ಹುಡುಗಿ ಜಡೀರಿ ಅದು! ಹಿಡದ ಎಳದೆ..."

ಅಷ್ಟರಲ್ಲಿ ಮೇಲಿಂದ ಬಸಪ್ಪ ಅತ್ತಿಗೆಯನ್ನು ಕರೆದು ಒದರಿದ: "ವೈನೀ, ಸಿಕ್ಕಳೇನ? ಹಗ್ಗ ಎಳೀಲೇನ?"

ಬಾವಿಯೆಲ್ಲ ಗುಡುಗಿತು. ಶಾಂತವ್ವ ಎದ್ದೇ ನಿಂತಳು. "ಸಿಕ್ಕಾಳ! ಎಳಿಯೋ ಬಸಪ್ಪಾ, ಜಲ್ದಿ ಎಳಿ!"

ಮೈಕನ್ನು ಅವಳತ್ತ ಎತ್ತಿ ಹಿಡಿದೆ. ಟೇಪು ತಿರುಗುತ್ತಿತ್ತು.

ಅದು ಪ್ರಸಾರವಾದ ಸಂಜೆ ಮೋರಟಗಿಯ ಚಹಾದಂಗಡಿಯಲ್ಲಿ ನಾನೂ ಇದ್ದೆ. ಬಸಪ್ಪನ ಕೂಗು ರೇಡಿಯೊದಿಂದ ಬಂತು. ಗದ್ದಲವೆಲ್ಲ ಒಮ್ಮೆಲೇ ನಿಂತಿತು. "ಏ ಬಸಪ್ಪಾ, ನೀ ಮ್ಯಾಲಿದ್ದೆಲ್ಲೋ!" ಎಂದ ಯಾರೋ. ಎಲ್ಲರೂ ನಕ್ಕರು. ಬಸಪ್ಪ ಬಸಿಯಲ್ಲಿ ಸುರಿದುಕೊಂಡ ಚಹಾ ನೋಡುತ್ತ ಕುಳಿತ. ಆಮೇಲೆ ತಲೆಯೆತ್ತಿ, "ಹೌದು, ಮ್ಯಾಲಿದ್ದೆ. ಇಳದಾಕಿ ನಮ್ಮ ವೈನಿ. ಆದ್ರ ನಾ ಹಗ್ಗ ಬಿಟ್ಟಿಲ್ಲ," ಎಂದ. ಯಾರೂ ನಗಲಿಲ್ಲ. ಅಂಗಡಿಯಾತ ಅವನ ಬಸಿಗೆ ಇನ್ನಷ್ಟು ಚಹಾ ಸುರಿದ.

ನಾನು ಶಾಂತವ್ವನ ಮನೆಗೆ ಓಡಿದೆ. ಓಣಿಯ ಹೆಂಗಸರ ನಡುವೆ ರೇಡಿಯೊ ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದಳು, ಕಣ್ಣು ಅಗಲವಾಗಿದ್ದವು. "ನನ್ನ ದನಿ ಹಿಂಗ ಐತೇನ್ರಿ ಅಕ್ಕಾರ?" ಎಂದಳು. ರೇಡಿಯೊ ಸವರುತ್ತ, "ಛಲೋ ಐತ್ರಿ!" ಎಂದು ತಾನೇ ಹೇಳಿಕೊಂಡಳು.

ಈಗ ನಾನಿರುವುದು ನಿಡಗುಂದಿಯಲ್ಲಿ. ಪಕ್ಕದ ಮನೆಯ ಗೌರಮ್ಮನವರ ಊರು ಆಲಮಟ್ಟಿ ಹಿನ್ನೀರಿನಲ್ಲಿ ಮುಳುಗಿದೆ. ಇಷ್ಟು ವರ್ಷ ನಾವು ಮಜ್ಜಿಗೆ, ಕರಿಬೇವು ಕೊಟ್ಟು ತೆಗೆದುಕೊಂಡಿದ್ದೇವೆ, ಅಷ್ಟೇ. ಇವತ್ತು ಬೆಳಿಗ್ಗೆ ಕಾಂಪೌಂಡಿನ ಬಳಿ ಅವರನ್ನು ನಿಲ್ಲಿಸಿಕೊಂಡು ಕೇಳಿದೆ: "ಗೌರಮ್ಮಾರ, ನಿಮ್ಮ ಊರಾಗ ಮುಂಜಾನೆ ಎದ್ರ ಏನೇನು ಸಪ್ಪಳ ಕೇಳತಿತ್ತ್ರಿ?"

ಅವರು ಕೊಡ ಕೆಳಗಿಟ್ಟರು. ಹಿನ್ನೀರಿನ ದಿಕ್ಕಿಗೆ ತಿರುಗಿ ಕಣ್ಣು ಮುಚ್ಚಿದರು. ಮುಖದಲ್ಲಿ ನಗು ಮೂಡಿತು.

"ಮೊದಲ ನಮ್ಮ ಕಾಕಾನ ಕೆಮ್ಮು," ಎಂದರು.