ಊಪರ್‌ವಾಲೇ ಬೇರೆ

ಲಿಫ್ಟಿನ ಬಾಗಿಲಿಗೆ ಕಾಲು ಅಡ್ಡ ಕೊಟ್ಟು ಮಗಳು ನಿಂತಿದ್ದಳು. ಕೆಲಸದವರ ಲಿಫ್ಟ್ ಕೆಟ್ಟಿತ್ತು. ನಮ್ಮದರಲ್ಲಿ ಅವರನ್ನು ಹತ್ತಿಸಬಾರದೆಂದು ಮುಂಬಯಿ ಬಳಿಯ ಡೊಂಬಿವಲಿಯ ನಮ್ಮ ಅಪಾರ್ಟ್‌ಮೆಂಟ್ ಸೊಸೈಟಿ ಕಮಿಟಿಯ ಕಟ್ಟಪ್ಪಣೆ. ನಾವು ಮಾವ್ಶಿ, ಅಂದರೆ ಚಿಕ್ಕಮ್ಮ, ಎಂದೇ ಕರೆಯುವ ಮನೆಗೆಲಸದ ಸುನಂದಾ ಮಂಡಿನೋವಿನಲ್ಲೇ ಏಳನೇ ಮಹಡಿಗೆ ಮೆಟ್ಟಿಲು ಹತ್ತಲು ಹೊರಟಿದ್ದರು.

"ಮಾವ್ಶಿ, ಅಂದರ್ ಆವೋ. ಊಪರ್‌ವಾಲೋಂ ಸೇ ಡರನೇ ಕಾ ನಹೀ," ಎಂದಳು ಮಗಳು, ಒಳಗೆ ಬನ್ನಿ, ಮೇಲಿನವರಿಗೆ ಹೆದರಬಾರದು ಅಂತ. ಹಿಂದಿನ ದಿನವಷ್ಟೇ ಪಕ್ಕದ ಠಾಣೆ ಊರಿನ ಥಿಯೇಟರಿನಲ್ಲಿ ಯಾವುದೋ ಸಿನಿಮಾದ ಎರಡನೇ ಭಾಗ ನೋಡಿ ಬಂದಿದ್ದಳು. ಆಕಾಶದಲ್ಲಿ ಕೂತು ಆಳುವವರ ಮೇಲೆ ನೆಲದವರು ದಂಗೆಯೇಳುವ ಕತೆಯಂತೆ.

ಹಿಂದಿಯಲ್ಲಿ ಊಪರ್‌ವಾಲಾ, ಮೇಲಿನವ, ಎಂದರೆ ದೇವರೇ ಅಲ್ಲವೇ, ನನಗೆ ದಿಗಿಲಾಯಿತು. "ದೇವರ ಹೆದರಿಕೆಯೂ ಬೇಡ್ವಾ ಮಗಾ ನಿಂಗೆ?"

"ಅಮ್ಮಾ, ಊಪರ್‌ವಾಲಾ ಏಕ್ ಹೈ. ಯೇ ತೋ ಕಮಿಟಿವಾಲೇ ಹೈಂ." ಮೇಲಿರುವ ದೇವರು ಒಬ್ಬನೇ, ಇವರು ಬರೀ ಕಮಿಟಿಯವರು ಎಂದಳು.

ಮಾವ್ಶಿ ನಗುತ್ತಾ ಒಳಬಂದರು.

ಅಂದು ಅವರು ಮಂಡಿ ಹಿಡಿದುಕೊಳ್ಳದೆ ಮನೆಯೊಳಗೆ ಬಂದದ್ದಕ್ಕೆ ಸಂಜೆ ದೀಪ ಹಚ್ಚಿ ಕೈಮುಗಿದೆ. ಮರುದಿನವೂ ಕೆಲಸದವರ ಲಿಫ್ಟ್ ಕೆಟ್ಟೇ ಇತ್ತು, ಮಗಳು ಬೇಗ ಕಾಲೇಜಿಗೆ ಹೋಗಿದ್ದಳು. ಲಿಫ್ಟಿನ ಬಾಗಿಲಿಗೆ ನಾನೇ ಕಾಲು ಅಡ್ಡ ಕೊಟ್ಟು ನಿಂತೆ.