ಉಂಗುರ ಬೆರಳು ಒತ್ತದ ಸ್ವರ

ಇಂಥ ಸಂಗತಿಗಳನ್ನು ಯಾರಾದರೂ ಹೇಳಿದರೆ ನಾನು ಮುಖಕ್ಕೆ ಹೊಡೆದಂತೆ ಕಾಕತಾಳೀಯ ಎಂದುಬಿಡುತ್ತಿದ್ದೆ. ಶಿಕಾರಿಪುರದ ಹೈಸ್ಕೂಲೊಂದರಲ್ಲಿ ವಿಜ್ಞಾನ ಕಲಿಸುವವಳು ನಾನು. ಹಾಗಾಗಿ ಈಗ ಬರೆಯುತ್ತಿರುವುದನ್ನು ನೀವು ನಂಬದಿದ್ದರೆ ನನಗೇನೂ ಬೇಸರವಿಲ್ಲ.

ಕೆಲವು ವರ್ಷಗಳ ಹಿಂದೆ ನನಗೆ ಸಣ್ಣದಾಗಿ ಲಕ್ವಾ ಹೊಡೆಯಿತು. ಮಾತು, ನಡಿಗೆ ಬೇಗ ಸರಿಹೋದವು; ಎಡಗೈ ಮಾತ್ರ ಸರಿಹೋಗಲಿಲ್ಲ. ಸೀರೆಯ ನೆರಿಗೆ ಹಿಡಿಯಲೂ ಗಂಡನನ್ನು ಕರೆಯಬೇಕಾಗಿತ್ತು. ಬೆರಳುಗಳಿಗೆ ದಿನವೂ ಕೆಲಸ ಕೊಡಿ, ಇಲ್ಲದಿದ್ದರೆ ಹೀಗೆಯೇ ಉಳಿದುಬಿಡುತ್ತವೆ ಎಂದು ಶಿವಮೊಗ್ಗದ ಡಾಕ್ಟರು ಹೇಳಿದರು. ರಬ್ಬರ್ ಚೆಂಡು ಹಿಸುಕಿ ಹಿಸುಕಿ ರೋಸಿಹೋಗಿದ್ದಾಗ, ತಂಗಿಯ ಮಗಳು ಮೇಘನಾ ತನ್ನ ಹಳೆಯ ಕೀಬೋರ್ಡನ್ನು ತಂದುಕೊಟ್ಟಳು. ಜೊತೆಗೆ ಅವಳ ಮೆಚ್ಚಿನ ಇಂಗ್ಲಿಷ್ ಆಲ್ಟರ್ನೇಟಿವ್ ರಾಕ್ ಹಾಡೊಂದನ್ನು ಪಿಯಾನೊಗೆ ಹೊಂದಿಸಿ ಅಚ್ಚು ಹಾಕಿದ್ದ ಹಾಳೆಗಳು. ಮಧ್ಯಮ ಹಂತದವರಿಗೆ ಎಂದು ಮೇಲೆಯೇ ಇತ್ತು. ಸುಲಭದ್ದರಿಂದ ಶುರುಮಾಡಿ ದೊಡ್ಡಮ್ಮ ಎಂದು ಅವಳು ಎಷ್ಟು ಹೇಳಿದರೂ ನಾನು ಅದನ್ನೇ ಹಿಡಿದೆ. ಸುಲಭದ್ದರಲ್ಲಿ ಎಡಗೈಗೆ ಕೆಲಸವೇ ಇರಲಿಲ್ಲ.

ಶಾಲೆಯಿಂದ ಬಂದು ಕೀಬೋರ್ಡಿನ ಮುಂದೆ ಕೂರುತ್ತಿದ್ದೆ. ಅತ್ತೆಗೆ ಆ ಹೊತ್ತಿನಲ್ಲಿ ಸದ್ದಾಗಬಾರದು. ಕಿವಿಗೆ ಹೆಡ್‌ಫೋನ್ ಹಾಕಿಕೊಂಡೇ ನುಡಿಸುತ್ತಿದ್ದೆ. ಒಂದೊಂದು ಸಾಲಿಗೂ ವಾರಗಟ್ಟಲೆ ಹಿಡಿಯಿತು. ದೀಪಾವಳಿ ಕಳೆದ ಮೇಲೆ ನಡುವಿನ ಭಾಗಕ್ಕೆ ಬಂದೆ. ಅಲ್ಲಿ ಬಲಗೈ ಸುಮ್ಮನಿದ್ದು, ಎಡಗೈಯೊಂದೇ ತಗ್ಗು ಸ್ವರಗಳ ಧಾಟಿಯೊಂದನ್ನು ನುಡಿಸಬೇಕು. ಮೂಲ ಹಾಡಿನಲ್ಲಿ ಅದು ಇಲ್ಲವೇ ಇಲ್ಲ. ಪಿಯಾನೊಗೆ ಹೊಂದಿಸಿದವರು ಸೇರಿಸಿದ್ದು. ಅದರಲ್ಲೊಂದು ಸ್ವರ ಉಂಗುರ ಬೆರಳಿನದು. ಬೆರಳು ಏಳುತ್ತಲೇ ಇರಲಿಲ್ಲ. ಪ್ರತಿ ಸಲವೂ ಅಲ್ಲಿ ನಿಂತು, ಬೆರಳನ್ನು ದಿಟ್ಟಿಸಿ, ತಡವಾಗಿ ಒತ್ತಿ ಮುಂದೆ ಹೋಗುತ್ತಿದ್ದೆ.

ಒಂದು ಭಾನುವಾರ ಸೊರಬದ ಆಚೆಗಿರುವ ಜಡೆ ಎಂಬ ಊರಿಗೆ ಹೋದೆ. ಅಲ್ಲಿ ನನ್ನ ಚಿಕ್ಕಪ್ಪನ ಮಗನ ಮನೆ. ಅವನ ಹೆಂಡತಿ ಶೈಲಾ ಬಾಣಂತನ ಮುಗಿಸಿ ತವರಿಂದ ಬಂದಿದ್ದಳು. ನಾನಿನ್ನೂ ಮಗು ನೋಡಿರಲಿಲ್ಲ. ಊಟವಾದ ಮೇಲೆ ಅವಳು ಒಳಕೋಣೆಯಲ್ಲಿ ತೊಟ್ಟಿಲು ತೂಗುತ್ತಿದ್ದಳು. ನಾನು ಕೈ ತೊಳೆದು ಬಾಗಿಲಿಗೆ ಬಂದವಳು ಅಲ್ಲೇ ನಿಂತೆ. ಅವಳು ಬಾಯಿ ಮುಚ್ಚಿಕೊಂಡು ಗುನುಗುತ್ತಿದ್ದುದು ಅದೇ ತಗ್ಗಿನ ಧಾಟಿ. ಆ ಸ್ವರದ ಹತ್ತಿರ ಬಂದಾಗ ಅವಳ ದನಿ ನಿಂತಿತು. ಆಮೇಲೆ, ನಾನು ಒತ್ತುವ ಹಾಗೆಯೇ ತಡವಾಗಿ, ಆ ಸ್ವರ ಬಂತು.

ತೊಟ್ಟಿಲ ಹತ್ತಿರ ಹೋದೆ. ಅದು ಯಾವ ಹಾಡು ಎಂದು ಕೇಳಿದೆ.

"ಹಾಡೇನಲ್ಲ ಅತ್ತಿಗೆ. ಮಗು ಅತ್ರೆ ಹಂಗೇ ಬಾಯಿಗೆ ಬರುತ್ತೆ. ದೀಪಾವಳಿ ಆದ್ಮೇಲೆ ಶುರುವಾಗಿದ್ದು."

"ನಡುವೆ ಯಾಕೆ ನಿಲ್ಲಿಸ್ತೀಯ?"

ಅವಳು ತೂಗುವುದನ್ನು ಬಿಟ್ಟು ತನ್ನ ಎಡಗೈ ನೋಡಿಕೊಂಡಳು. "ಅಲ್ಲಿಗೆ ಬಂದ್ರೆ ಈ ಬೆರಳು ಹಿಡ್ಕಂಡಂಗೆ ಆಗುತ್ತೆ," ಎಂದು ಉಂಗುರ ಬೆರಳನ್ನು ಮುಟ್ಟಿ ತೋರಿಸಿದಳು.

ನನಗೆ ಲಕ್ವಾ ಹೊಡೆದದ್ದು ಅವಳಿಗೆ ಗೊತ್ತಿತ್ತು. ಕೀಬೋರ್ಡಿನ ವಿಷಯ ಆ ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ಬಸ್ಸಿನಲ್ಲಿ ವಾಪಸು ಬರುವಾಗ ಇದ್ದಬದ್ದ ಕಾರಣಗಳನ್ನೆಲ್ಲ ಯೋಚಿಸಿದೆ. ನಾನೇ ಎಲ್ಲಾದರೂ ಗುನುಗಿದ್ದೆನೇ? ಅವಳನ್ನು ಕಂಡೇ ವರ್ಷದ ಮೇಲಾಗಿತ್ತು. ಮೊಬೈಲಿನಲ್ಲಿ ಕೇಳಿದ್ದಳೇ? ಧಾಟಿ ಕೇಳಿರಬಹುದು, ನನ್ನ ತಪ್ಪನ್ನು ಎಲ್ಲಿಂದ ಕೇಳುತ್ತಾಳೆ? ಸೊರಬ ದಾಟುವ ಹೊತ್ತಿಗೆ ಹೆದರಿಕೆ ಹೋಗಿ ಸಿಟ್ಟು ಬಂದಿತ್ತು. ನನ್ನ ಬೆರಳಿನ ಸೋಲು ನನ್ನೊಬ್ಬಳದೇ ಆಗಿರಲಿ, ಎಳೆಗೂಸಿನ ತಾಯಿಯ ಕೈಗೇಕೆ ಅದು?

ಅಂದಿನಿಂದ ಆ ಒಂದು ಸಾಲನ್ನು ಬಿಟ್ಟು ಬೇರೇನೂ ನುಡಿಸಲಿಲ್ಲ. ಬೆರಳು ಊದಿಕೊಂಡರೆ ಬಿಸಿನೀರಿನಲ್ಲಿ ಅದ್ದಿ ಮತ್ತೆ ಕೂರುತ್ತಿದ್ದೆ. ಗಂಡ ಬೈದರು. ಬೇರೆ ಬೆರಳಲ್ಲಿ ಒತ್ತಿದರಾಯಿತಲ್ಲ ಎಂದಳು ಮೇಘನಾ. ಆಗುವುದಿಲ್ಲ ಎಂದೆ, ಕಾರಣ ಹೇಳಲಿಲ್ಲ.

ಪರೀಕ್ಷೆಯ ಸಮಯದಲ್ಲಿ ನನಗೆ ಜ್ವರ ಬಂದು ಕೆಲವು ದಿನ ಕೀಬೋರ್ಡು ಮುಟ್ಟಲಾಗಲಿಲ್ಲ. ಆಗಲೇ ಒಂದು ಮಧ್ಯಾಹ್ನ ಶೈಲಾ ಫೋನ್ ಮಾಡಿದಳು. ಮಗುವಿಗೆ ಹಲ್ಲು ಬಂದ ಸುದ್ದಿ ಹೇಳಿ, ಇಡುವ ಮುಂಚೆ ಅಂದಳು: "ಅವತ್ತು ಕೇಳಿದ್ರಲ್ಲ ಅತ್ತಿಗೆ, ಈಗ ನಿಲ್ಲಲ್ಲ. ಮೊನ್ನೆಯಿಂದ ಸಲೀಸಾಗಿ ಹೋಗುತ್ತೆ. ಬೆರಳೂ ಬಿಟ್ಟಿದೆ."

ಫೋನ್ ಇಟ್ಟು, ಜ್ವರದ ಮೈಯಲ್ಲೇ ಹೋಗಿ ಕೂತೆ. ಸಾಲಿನ ಆರಂಭದಿಂದ ಹಿಡಿದೆ. ಉಂಗುರ ಬೆರಳು ತಾನಾಗಿ ಎದ್ದು, ಹೊತ್ತಿಗೆ ಸರಿಯಾಗಿ ಒತ್ತಿತು. ಇನ್ನೊಮ್ಮೆ ನುಡಿಸಿದೆ. ಮತ್ತೆ ಒತ್ತಿತು.

ಇಂಥ ಕೈಗಳು ಒಮ್ಮೊಮ್ಮೆ ಹೀಗೆ ಏಕಾಏಕಿ ಚೇತರಿಸಿಕೊಳ್ಳುತ್ತವೆ ಎಂದರು ಡಾಕ್ಟರು. ಇರಬಹುದು. ಮುಂದಿನ ದೀಪಾವಳಿಯ ಹೊತ್ತಿಗೆ ಇಡೀ ಹಾಡನ್ನು ಕೊನೆಯವರೆಗೆ ನುಡಿಸಿದೆ, ಮನೆಯವರೆಲ್ಲ ಕೇಳುವಂತೆ. ಆದರೆ ಆ ಸ್ವರವನ್ನು ದಾಟಿಸಿದ್ದು ನನ್ನ ಹಟವೋ, ಅಥವಾ ಅಷ್ಟು ದೂರದಲ್ಲಿ ತೊಟ್ಟಿಲ ಹಗ್ಗ ಹಿಡಿದಿದ್ದ ಶೈಲಾಳ ಕೈಯೋ, ಇವತ್ತಿಗೂ ನನಗೆ ಗೊತ್ತಾಗಿಲ್ಲ.